ಮೊಟ್ಟೆರಟ್ಟಿನಲ್ಲಿ ಎಂಟು ಪ್ಲಗ್ಗು

ಹನ್ನೆರಡು ಗುಳಿಯ ಮೊಟ್ಟೆರಟ್ಟಿನಲ್ಲಿ
ಎಂಟನ್ನು ಸಾಲಾಗಿ ಮಲಗಿಸಿ
ಗುಳಿಗೊಂದು ಅಂಕಿ ಬರೆದು
ಕೌಂಟರಿನ ಮೇಲಿಟ್ಟೆ.
ಹೊರಗೆ ಕನೋರಾದಲ್ಲಿ ಸೊನ್ನೆಗಿಂತ ಕೆಳಗೆ ಇಪ್ಪತ್ತೊಂಬತ್ತು.
ಒಳಗೆ ಹೊಸ ಟೈರಿನ ವಾಸನೆ, ಸೀದ ಕಾಫಿ,
ಬಾಗಿಲಾಚೆ ತನ್ನ ಕಾರಿನಲ್ಲೇ ಕೂತು
ಹಾರ್ನು ಒತ್ತುತ್ತಿರುವ ನನ್ನ ಭಾವ ಮೈರನ್.

ಒರೆಸ್ಟ್ ಕನ್ನಡಕವನ್ನು ಹಣೆಗೇರಿಸಿ
ಒಂದೊಂದನ್ನೇ ದೀಪಕ್ಕೆ ಹಿಡಿದ,
ನಾಡಿ ನೋಡುವವನ ಹಾಗೆ, ಅವಸರವಿಲ್ಲದೆ.
"ಒಂದು, ಮಸಿ. ಎರಡು, ಮಸಿ. ಮೂರು,
ಇದೂ ಅದೇ ಒಲೆಯ ಕೂಸು.
ಏಳಕ್ಕೆ ಸ್ವಲ್ಪ ಎಣ್ಣೆ ಜಿನುಗಿದೆ. ವಯಸ್ಸು, ಬಿಡು."

ನಾನು ಓದಿಕೊಂಡೇ ಬಂದಿದ್ದೆ:
ತಾಮ್ರವೋ, ಪ್ಲಾಟಿನಮ್ಮೋ, ಇರಿಡಿಯಮ್ಮೋ.
ಇರಿಡಿಯಂ ಒಂದೂವರೆ ಲಕ್ಷ ಕಿಲೋಮೀಟರು ಬಾಳುತ್ತದಂತೆ.
ನನ್ನ ಗಾಡಿ ಆಗಲೇ ಮೂರು ಲಕ್ಷದ ನಲವತ್ತು ಸಾವಿರ ಓಡಿದೆ,
ಒಂದು ಬಾಗಿಲು ನೀಲಿ, ಇನ್ನೊಂದು ಗುಜರಿಯಿಂದ ಬಂದ ಬಿಳಿ,
ತುಕ್ಕು ತಿಂದ ತಳದಲ್ಲಿ ರಸ್ತೆ ಕಾಣುತ್ತದೆ.
ಬಿರುಕು ಬಾಗಿಲಿಗೆ ಬೆಳ್ಳಿಯ ಚಿಲಕವೇ?
"ಕೊಂಡರೆ ದುಬಾರಿಯದೇ ಕೊಳ್ಳು" ಎನ್ನುತ್ತಾನೆ ಮೈರನ್.
ಹಣ ಅವನದಲ್ಲವಲ್ಲ.

"ಒಂದು ಅಂಕ ಹೆಚ್ಚು ಬಿಸಿಯದು ಹಾಕಿದರೆ?" ಕೇಳಿದೆ.
"ಹಾಕಬಹುದು. ಉದ್ದ ಮೂತಿಯದು,
ಬಂದ ಬಿಸಿಯನ್ನು ಬೇಗ ಬಿಟ್ಟುಕೊಡದು,
ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.
ಆಮೇಲೆ ಜುಲೈ ಬರುತ್ತದೆ. ನೀನು ಹಿಂದೆ ಜಲ್ಲಿ ಹೇರುತ್ತೀಯ.
ಪಿಸ್ಟನ್ನಿಗೆ ತೂತು.
ದಿನಕ್ಕೆಷ್ಟು ಓಡಿಸ್ತೀಯ?"

"ಅರವತ್ತೊಂದು ಪೆಟ್ಟಿಗೆ, ನಿನಗೆ ಗೊತ್ತಲ್ಲ.
ನಿಲ್ಲು, ಕಾಗದ ತುರುಕು, ಹೊರಡು, ನಿಲ್ಲು."
"ಅಂಚೆ ಬಿಟ್ಟು?"

ಅಂಚೆ ಬಿಟ್ಟು
ಶನಿವಾರ ಚರ್ಚಿನ ಅಡುಗೆಮನೆ, ಪೆರೋಗಿ ಮಡಚಲು,
ಹೋಗಿಬರಲು ನಾಲ್ಕು ಕಿಲೋಮೀಟರು.
ಉಳಿದ ಹೊತ್ತೆಲ್ಲ ಎಂಜಿನ್ನು
ನಿಂತಲ್ಲೇ ಗುರುಗುಟ್ಟುತ್ತದೆ, ಹೀಟರಿಗಾಗಿ,
ನಾನು ಕೈಗವಸು ಕಳಚಿ
ಬೇರೆಯವರ ಪೋಸ್ಟ್‌ಕಾರ್ಡುಗಳ ಸಮುದ್ರ ನೋಡುವಾಗ.
ಇದನ್ನು ಮಾತ್ರ ಅವನಿಗೆ ಹೇಳಲಿಲ್ಲ.

"ಇದು ಪ್ಲಗ್ಗಿನ ರೋಗವಲ್ಲ, ಲೆಸ್ಯಾ.
ಮದ್ದು ಬದಲಿಸುವ ಮೊದಲು ಪಥ್ಯ ಬದಲಿಸು.
ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ದು
ಅರ್ಧ ಗಂಟೆ ಎಲ್ಲೂ ನಿಲ್ಲಿಸದೆ ಓಡಿಸು."
"ಎಲ್ಲಿಗೆ?" ಎಂದೆ.
ಅದಕ್ಕೂ ಒಂದು ನಂಬರು ಇರಬಹುದೆಂಬಂತೆ
ಅವನು ಕ್ಯಾಟಲಾಗಿನ ಪುಟ ತಿರುವಿದ.

ಕಡೆಗೆ ತಾಮ್ರದವೇ, ಕಾರ್ಖಾನೆ ಹೇಳಿದ ಅಂಕದವೇ.
ಎಂಟಕ್ಕೂ ಮಾಪಕ ತೂರಿಸಿ ನೋಡಿದ:
ಒಂದೂವರೆ ಮಿಲಿಮೀಟರು ಖಾಲಿ.
ಇಷ್ಟನ್ನು ದಾಟಲೆಂದೇ ಅಷ್ಟೆಲ್ಲ ವಿದ್ಯುತ್ತು.
ತೀರ ಹತ್ತಿರವಾದರೆ ಕಿಡಿ ಸಪ್ಪೆ,
ದೂರವಾದರೆ ಹುಟ್ಟುವುದೇ ಇಲ್ಲ.
ಬಿಲ್ಲಿನ ಮೇಲೆ ಎರಡು ಡಾಲರು ಬಿಟ್ಟ.

ಏಳು ಸುಲಭವಾಗಿ ಕೂತವು.
ಎಂಟನೆಯದು ಹಿಂದೆ, ಕಬ್ಬಿಣದ ಗೋಡೆಯ ಸಂದಿಯಲ್ಲಿ,
ಕಣ್ಣು ಹೋಗದು, ಮೊಣಕೈ ಬಗ್ಗದು.
ಅದರ ಬಾಲಕ್ಕೆ ಗೇಣುದ್ದ ರಬ್ಬರು ಕೊಳವೆ ಸಿಕ್ಕಿಸಿ
ಕುರುಡಾಗಿ ಇಳಿಬಿಟ್ಟೆ.
ಮೊದಲು ತುಸು ಎಡಕ್ಕೆ. ಟಿಕ್ ಎಂದಿತು.
ಆಮೇಲೆ ಬಲಕ್ಕೆ,
ತಿರುಪು ಹಿಡಿದದ್ದು ಬೆರಳಿಗೆ ಗೊತ್ತಾಯಿತು,
ನಿದ್ದೆಗಣ್ಣಿನ ಮಗು ಬೆರಳು ಹಿಡಿದ ಹಾಗೆ.
ಮೈರನ್ ಕೇಳಿದ, "ಯಾಕೆ ನಗ್ತೀಯ?"

ಭಾನುವಾರ ಒಂಬತ್ತನೇ ಹೆದ್ದಾರಿ.
ಮಂಜು ರಸ್ತೆಯ ಮೇಲೆ ಹಾವಿನಂತೆ ಹರಿಯುತ್ತಿತ್ತು.
ಯಾರದೋ ಅಂಚೆಪೆಟ್ಟಿಗೆ ಕಂಡಾಗಲೆಲ್ಲ
ಕಾಲು ತಾನಾಗಿ ಬ್ರೇಕಿನ ಕಡೆ ಸರಿಯಿತು,
ಎಳೆದು ತಂದೆ.
ಯಾರ್ಕ್‌ಟನ್ನಿನಲ್ಲಿ ಹಿಂದಕ್ಕೆ ತಿರುಗುವುದೆಂದಿದ್ದೆ.
ಅಲ್ಲಿ ತಲುಪುವಾಗ
ಎಂಜಿನ್ನು ಆಗಷ್ಟೇ ಬಿಸಿಯಾಗಿತ್ತು.